ಹೆಸರಿನ ಬಾಗಿಲು

ನಿದ್ದೆಯಲ್ಲಿರುವವರಿಗೆ ಚಿತ್ರ ತೋರಿಸುವುದು ದಂಡ. ಅವರಿಗೆ ಕೊಡಬೇಕಾದದ್ದು ಒಂದೆರಡು ಶಬ್ದ, ಅಷ್ಟೇ. ‘ಬಾವಿ’ ಎಂದು ಕಿವಿಯಲ್ಲಿ ಹೇಳಿದರೆ ಸಾಕು. ಹಗ್ಗ, ರಾಟೆ, ತಳದ ತಣ್ಣನೆಯ ಕತ್ತಲೆ, ಎಂದೋ ಜಾರಿ ಬಿದ್ದ ಬಿಂದಿಗೆ, ಎಲ್ಲವನ್ನೂ ಅವರೇ ತಂದುಕೊಳ್ಳುತ್ತಾರೆ.

ಇದು ಗೊತ್ತಾದ ಮೇಲೆ ನಮ್ಮ ಪ್ರಯೋಗಾಲಯದಲ್ಲಿ ಬಣ್ಣಬಣ್ಣದ ಆಟಗಳನ್ನು ಕಟ್ಟುವುದನ್ನು ಬಿಟ್ಟೆವು. ನನ್ನ ಪಾಲಿಗೆ ಬಂದದ್ದು ಅಜ್ಜಂದಿರ ಕಾಲದ ಕನ್ಸೋಲ್ ಆಟ. ಕಪ್ಪು ಪರದೆ, ಬಿಳಿ ಅಕ್ಷರ. ಗೆರೆ ಎಂದರೆ ಗೋಡೆ, ಚುಕ್ಕಿ ಎಂದರೆ ನೆಲ, ಒಂದು ಅಕ್ಷರ ಎಂದರೆ ಒಬ್ಬ ಮನುಷ್ಯ. ಕೀಲಿ ಒತ್ತಿದರೆ ಆ ಅಕ್ಷರ ಒಂದು ಚುಕ್ಕಿಯಷ್ಟು ಸರಿಯುತ್ತದೆ. ನನ್ನ ಜೊತೆ ಓದಿದವರು ಪರದೆಯೊಳಗೆ ಇಡೀ ನಗರಗಳನ್ನೇ ಎಬ್ಬಿಸುತ್ತಿದ್ದಾಗ ನಾನು ತಿಪಟೂರಿನಿಂದ ಹುಬ್ಬಳ್ಳಿಗೆ ಬಂದು ಚುಕ್ಕಿ ಜೋಡಿಸುತ್ತ ಕೂತಿದ್ದೆ. ಮೊದಮೊದಲು ಇದರ ಬಗ್ಗೆ ನನಗೆ ಒಳಗೊಳಗೇ ಸಿಟ್ಟಿತ್ತು. ಆಮೇಲೆ ನೀಲಗಂಗವ್ವ ಬಂದರು.

ಬಂದರು ಎನ್ನುವುದಕ್ಕಿಂತ ಅವರನ್ನು ತಂದರು ಎನ್ನಬೇಕು. ಗದಗ-ಬೆಟಗೇರಿಯಲ್ಲಿ ಹಿಟ್ಟಿನ ಗಿರಣಿ ಇಟ್ಟವರ ಮನೆಯಾಕೆ. ಮಿದುಳು ಜ್ವರ ಬಂದು ಮಲಗಿದವರು, ಜ್ವರ ಇಳಿದರೂ ಏಳಲಿಲ್ಲ. ಉಸಿರು ಸರಿ, ನಾಡಿ ಸರಿ, ನಿದ್ದೆ ಮಾತ್ರ ಮುಗಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ಬೇರೆ ಆಸ್ಪತ್ರೆಗಳಲ್ಲಿ ಮಲಗಿದ್ದವರ ಹಣೆಗೆ ನಾವು ನಮ್ಮ ಪಟ್ಟಿ ಕಟ್ಟಿದೆವು.

ಪಟ್ಟಿಯ ಕೆಲಸ ಬಹಳ ಸರಳ. ಮನುಷ್ಯ ಕೈ ಎತ್ತುವ ಮೊದಲು ಮಿದುಳು ‘ಎತ್ತುತ್ತೇನೆ’ ಎಂದುಕೊಳ್ಳುತ್ತದೆ. ಕೈ ಏಳದೇ ಹೋದರೂ ಆ ಎಂದುಕೊಂಡದ್ದು ಪಟ್ಟಿಗೆ ತಿಳಿಯುತ್ತದೆ. ಎಡಗೈ ನೆನೆದರೆ ಎಡಕ್ಕೆ, ಬಲಗೈ ನೆನೆದರೆ ಬಲಕ್ಕೆ, ಕಾಲು ನೆನೆದರೆ ಮುಂದಕ್ಕೆ, ನಾಲಿಗೆ ನೆನೆದರೆ ಹಿಂದಕ್ಕೆ. ಈ ನಾಲ್ಕನ್ನೂ ನನ್ನ ಪ್ರೋಗ್ರಾಮು ಕೀಲಿಮಣೆಯ ನಾಲ್ಕು ಕೀಲಿಗಳೆಂದೇ ತಿಳಿಯುತ್ತದೆ. ಒತ್ತಿದ್ದು ನಿಜವಾದ ಬೆರಳೋ, ನೆನೆದ ಬೆರಳೋ ಎಂದು ಅದು ವಿಚಾರಿಸುವುದಿಲ್ಲ.

ಹೀಗೆ ನೆನೆಯುವುದನ್ನು ಕಲಿಯಲು ಉಳಿದವರು ವಾರಗಟ್ಟಲೆ ತೆಗೆದುಕೊಂಡಿದ್ದರು. ನೀಲಗಂಗವ್ವ ಎರಡನೆಯ ದಿನವೇ ಅಂಗಳದಲ್ಲಿ ತಿರುಗಾಡಲು ಶುರು ಮಾಡಿದರು. ಅವರ ಗಂಡ ಮುರಿಗೆಪ್ಪನವರಿಗೆ ಮಾತ್ರ ಇದರಲ್ಲಿ ಏನೂ ಆಶ್ಚರ್ಯ ಕಾಣಲಿಲ್ಲ.

“ಗಿರಣಿ ಸಪ್ಪಳದಾಗ ಮಾತು ಎಲ್ಲಿ ಕೇಳಸ್ತಾವ ತಂಗಿ? ನಾವು ಎಲ್ಲಾ ಕೈ ಸನ್ನಿ ಮ್ಯಾಲ ನಡಸೋರು. ಎಡಗೈ ಎತ್ತಿದ್ಲಂದ್ರ ಜ್ವಾಳ, ಬಲಗೈ ಎತ್ತಿದ್ಲಂದ್ರ ಗೋದಿ.”

ಮುರಿಗೆಪ್ಪನವರದು ಆಜಾನುಬಾಹು ದೇಹ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಂಟಲು ದೊಡ್ಡದಾಗಿತ್ತು. ಆಸ್ಪತ್ರೆಯಲ್ಲಿ ಅವರು ಗುಟ್ಟು ಹೇಳಿದರೆ ಮೂರನೆಯ ಕೋಣೆಗೆ ಕೇಳಿಸುತ್ತಿತ್ತು. ಬೆಳಿಗ್ಗೆ ಗಿರಣಿ ನಡೆಸಿ, ಮಧ್ಯಾಹ್ನದ ಗಾಡಿಗೆ ಹುಬ್ಬಳ್ಳಿಗೆ ಬಂದು, ಹುಬ್ಬಿನ ಮೇಲೆ ಹಿಟ್ಟು ಹಾಗೇ ಇಟ್ಟುಕೊಂಡು ಹೆಂಡತಿಯ ಮಂಚದ ಪಕ್ಕ ಕೂರುತ್ತಿದ್ದರು. ಅವರ ತೊಡೆಯ ಮೇಲೆ ಒಂದು ನಿಜವಾದ ಕೀಲಿಮಣೆ ಇಟ್ಟಿದ್ದೆ. ಪರದೆಯ ಮೇಲೆ ಅವರು ‘ಮ’, ಹೆಂಡತಿ ‘ನ’. ಅವರು ಕೀಲಿ ಒತ್ತಿ ‘ಮ’ವನ್ನು ಸರಿಸಿದರೆ ಯಂತ್ರದ ದನಿ ನೀಲಗಂಗವ್ವನ ಕಿವಿಯಲ್ಲಿ, “ಗೋಡೆಯ ಆಚೆ ಯಾರೋ ನಡೆದ ಸದ್ದು,” ಎನ್ನುತ್ತಿತ್ತು.

ಮಕ್ಕಳಿಲ್ಲದ ಜೋಡಿ. ಆ ‘ಯಾರೋ’ ಎಂಬ ಮಾತು ಮುರಿಗೆಪ್ಪನವರಿಗೆ ರುಚಿಸುತ್ತಿರಲಿಲ್ಲ.

“ಯಾರೋ ಅಂದ್ರ ಹೆಂಗ? ನಾನು ಅಂತ ಹೇಳ್ರಿ.”

“ಅದನ್ನ ಅವರೇ ಹೇಳ್ಬೇಕು ಯಜಮಾನ್ರೆ. ನಾವು ಹೇಳ್ಕೊಟ್ರೆ ಲೆಕ್ಕಕ್ಕೆ ಬರಲ್ಲ,” ಎಂದೆ.

ಇಂಥ ಆಟಗಳಲ್ಲಿ ಕೀಲಿಯ ಮಾತು ಕೇಳುವ ಬಗೆ ಎರಡು. ಒಂದರಲ್ಲಿ, ನೀವು ಕೀಲಿ ಒತ್ತುವ ತನಕ ಇಡೀ ಜಗತ್ತು ನಿಂತು ಕಾಯುತ್ತದೆ. ಇನ್ನೊಂದರಲ್ಲಿ ಜಗತ್ತು ತನ್ನ ಪಾಡಿಗೆ ತಾನು ನಡೆಯುತ್ತದೆ, ನಡುನಡುವೆ ‘ಏನಾದರೂ ಒತ್ತಿದರಾ?’ ಎಂದು ಇಣುಕಿ ನೋಡುತ್ತದೆ. ಎಚ್ಚರವಿದ್ದವರಿಗೆ ಎರಡನೆಯದೇ ಇಷ್ಟ, ಆಟಕ್ಕೆ ಬಿಸಿ ಬರುತ್ತದೆ. ನಿದ್ದೆಯವರಿಗೆ ಅದು ಆಗಿಬರಲಿಲ್ಲ. ತಾವು ಏನೂ ಮಾಡದೆ ಬಾಗಿಲು ತಾನೇ ಮುಚ್ಚಿಕೊಂಡರೆ ಅವರ ಎದೆ ಹೊಡೆದುಕೊಳ್ಳುತ್ತಿತ್ತು. ಹೀಗಾಗಿ ಕಾಯುವ ಬಗೆಯನ್ನೇ ಆರಿಸಿಕೊಂಡೆ. ನೀಲಗಂಗವ್ವ ಅಂಗಳದ ನಡುವೆ ನಿಂತುಬಿಟ್ಟರೆ ಅಲ್ಲಿಯ ಗಾಳಿಯೂ ನಿಲ್ಲುತ್ತಿತ್ತು, ಅವರು ಕಾಲು ನೆನೆದಾಗ ಮತ್ತೆ ಹೊರಡುತ್ತಿತ್ತು.

ಇನ್ನೊಂದು ತೊಡಕಿತ್ತು. ಯಂತ್ರ ಮಾತಾಡುತ್ತಿರುವಾಗ ಒತ್ತಿದ ಕೀಲಿಗಳು ಒಂದರ ಹಿಂದೆ ಒಂದು ಸಾಲು ನಿಂತು, ಮಾತು ಮುಗಿದೊಡನೆ ಎಲ್ಲ ಒಟ್ಟಿಗೆ ಒಳನುಗ್ಗುತ್ತಿದ್ದವು. ‘ನ’ ಓಡಿಹೋಗಿ ಗೋಡೆಗೆ ಹಣೆ ಬಡಿದುಕೊಳ್ಳುತ್ತಿತ್ತು. ನೀಲಗಂಗವ್ವನಿಗೆ ಪೂರ್ತಿ ವಾಕ್ಯ ಕೇಳುವ ತಾಳ್ಮೆ ಇಲ್ಲವೆಂದು ತಿಳಿದ ಮೇಲೆ, ಅವರು ಕೀಲಿ ಒತ್ತಿದ ಕ್ಷಣವೇ ಯಂತ್ರ ಬಾಯಿ ಮುಚ್ಚುವಂತೆ ಮಾಡಿದೆ. ಅಲ್ಲಿಗೆ ಸರಿಹೋಯಿತು.

“ಮನ್ಯಾಗೂ ಹಂಗ,” ಎಂದು ಮುರಿಗೆಪ್ಪ ನಕ್ಕರು. “ನಾನು ಅರ್ಧಾ ಹೇಳೂದ್ರಾಗ ಆಕೀ ಉತ್ತರ ಬಂದಿರತಿತ್ತು.”

ಆಟದ ಒಂದು ಬದಿಗೆ ಅಕ್ಷರಗಳ ಓಣಿ ಇಟ್ಟಿದ್ದೆ. ಅ ದಿಂದ ಳ ತನಕ ಮನೆಗಳಂತೆ ಸಾಲಾಗಿ ಅಕ್ಷರಗಳು. ಎಡ ಬಲ ನಡೆದು ಬೇಕಾದ ಅಕ್ಷರದ ಮುಂದೆ ನಿಂತು, ಮುಂದಕ್ಕೆ ಕಾಲಿಟ್ಟರೆ ಅದು ಕೈಗೆ ಬರುತ್ತದೆ; ಹಿಂದಕ್ಕೆ ಸರಿದರೆ ಬಿಟ್ಟುಹೋಗುತ್ತದೆ. ಗುಣಿತಾಕ್ಷರಗಳಿಗೆ ಒಂದು ಅಡ್ಡ ಓಣಿ. ನೀಲಗಂಗವ್ವನಿಗೆ ಓದು ಬರಹ ಬರುತ್ತಿತ್ತು. ಗಿರಣಿಗೆ ಬಂದ ಡಬ್ಬಿಗಳು ಅದಲುಬದಲಾಗದಂತೆ ಅವುಗಳ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಿದ್ದವರು ಅವರೇ.

ಒಂದು ದಿನ ಯಂತ್ರ ಅವರ ಕಿವಿಯಲ್ಲಿ ಎಂದಿನಂತೆ, “ನೀವು ಅಂಗಳದಲ್ಲಿದ್ದೀರಿ,” ಎಂದಿತು. ಅವರು ಸೀದಾ ಅಕ್ಷರಗಳ ಓಣಿಗೆ ನಡೆದರು. ನಿಧಾನವಾಗಿ, ಒಂದೊಂದೇ ಅಕ್ಷರ ಪರದೆಯ ಮೇಲೆ ಮೂಡಿತು. ‘ಹಿಟ್ಟ ಬೀಳಾಕತ್ತೈತಿ.’

ನಮ್ಮ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಕೌಜಲಗಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅವರ ಅಪ್ಪಣೆ ಪಡೆದು ನಾನು ಪರದೆಯ ಮೇಲ್ಭಾಗದಿಂದ ಬಿಳಿ ಚುಕ್ಕಿಗಳು ಸುಮ್ಮನೆ ಇಳಿದು ಬರುವಂತೆ ಬರೆದೆ. ಕಪ್ಪು ಪರದೆಯ ತುಂಬ ಹಿಟ್ಟು ಬಿತ್ತು. ಬಾವಿಕಟ್ಟೆಯ ಮೇಲೆ, ತುಳಸಿಯಿಲ್ಲದ ಕಟ್ಟೆಯ ಮೇಲೆ, ಒಣಹಾಕಿದ ಕುಬಸದ ಮೇಲೆ. ‘ನ’ ನಡೆದ ಕಡೆ ಹೆಜ್ಜೆಯಷ್ಟು ಕಪ್ಪು ಉಳಿದು, ನೋಡುನೋಡುತ್ತಿದ್ದಂತೆ ತುಂಬಿಕೊಳ್ಳುತ್ತಿತ್ತು. ನಾವು ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಂತೆವು. ಅಂದು ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಬೀದಿದೀಪದ ಕೆಳಗಿನ ಧೂಳು ಕೂಡ ನನಗೆ ಬೆಚ್ಚಗಿನ ಹಿಟ್ಟಿನಂತೆ ಕಂಡಿತು. ಬೇರೆಯವರ ಕನಸೊಂದು ನನ್ನ ಬಟ್ಟೆಗೆ ಅಂಟಿಕೊಂಡಿದೆ ಅನ್ನಿಸಿ, ಅದನ್ನು ಕೊಡವಲು ಮನಸ್ಸಾಗಲಿಲ್ಲ.

ದಿನದಿನಕ್ಕೂ ಆ ಅಂಗಳ ಬೆಳೆಯಿತು. ಒಂದು ಬೆಕ್ಕು ಬಂತು. ಮಾಡಿನ ಮೇಲೆ ಚಂದ್ರ ಬಂದು ಅಲ್ಲೇ ಕೂತ. ನೀರಿಲ್ಲದ ಬಾವಿಯ ತಳದಲ್ಲಿ ಗಿರಣಿಯೊಂದು ಮೆಲ್ಲಗೆ ತಿರುಗುತ್ತಿದೆ ಎಂದು ನೀಲಗಂಗವ್ವ ಬರೆದರು. ಜನ ಮಾತ್ರ ಒಬ್ಬರೂ ಬರಲಿಲ್ಲ.

“ಅದೇ ನನಗ ಚಿಂತಿ,” ಎಂದರು ಡಾಕ್ಟರ್ ಕೌಜಲಗಿ. “ಕನಸಿನ್ಯಾಗ ಮನುಷ್ಯಾರು ಇದ್ರ ಮನುಷ್ಯಾರ ಸಲುವಾಗಿ ಎದ್ದು ಬರ್ತಾರ. ಬರೀ ಚಂದ್ರನ ಸಲುವಾಗಿ ಯಾರು ಬರ್ತಾರ?”

ಅದಕ್ಕೇ ಇತ್ತು ಹೆಸರಿನ ಬಾಗಿಲು. ಅಂಗಳದ ಕೊನೆಗೆ ಒಂದು ಹೊಸ್ತಿಲು, ಒಂದು ಮುಚ್ಚಿದ ಬಾಗಿಲು. ಆಚೆ ಯಾರೋ ನಿಂತಿದ್ದಾರೆ. ದಿನವೂ ಪಕ್ಕದಲ್ಲಿ ಕೂತು ಮಾತಾಡುವವರ ದನಿ ನಿದ್ದೆಯೊಳಗೆ ಇಳಿದಿರುತ್ತದೆ. ಅದು ಯಾರದೆಂದು ಗುರುತು ಹಿಡಿದು ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೆ. ಹಾಗೆ ತೆರೆಸಿಕೊಂಡವರೆಲ್ಲ ಇಂದಲ್ಲ ನಾಳೆ ಕಣ್ಣು ಬಿಟ್ಟಿದ್ದರು. ತೆರೆಸಿಕೊಳ್ಳದವರು ಅಲ್ಲೇ ಉಳಿದಿದ್ದರು. ಮೂರು ಸಲ ಅವಕಾಶ; ಮೂರರಲ್ಲೂ ಆಗದಿದ್ದರೆ ಪಟ್ಟಿ ಬಿಚ್ಚಿ ಮುಂದಿನವರಿಗೆ ಕಟ್ಟುವುದು. ನಮ್ಮಲ್ಲಿದ್ದದ್ದು ಎರಡೇ ಪಟ್ಟಿ. ಹಾವೇರಿಯ ಲಾರಿ ಚಾಲಕನೊಬ್ಬ ಆಗಲೇ ಕೆಳಗಿನ ಅಂತಸ್ತಿನಲ್ಲಿ ಮಲಗಿ ಕಾಯುತ್ತಿದ್ದ.

ಮೊದಲ ಸಲ ನೀಲಗಂಗವ್ವ ಹೊಸ್ತಿಲ ತನಕ ಬಂದರು. “ಬಾಗಿಲಾಚೆ ಯಾರೋ ನಿಂತಿದ್ದಾರೆ. ಅವರ ಹೆಸರು ಹೇಳಿ,” ಎಂದಿತು ಯಂತ್ರ. ನೀಲಗಂಗವ್ವ ನಿಂತೇ ಇದ್ದರು. ಈ ಪರೀಕ್ಷೆಗೆ ಮಾತ್ರ ಡಾಕ್ಟರು ಒಂದು ಅವಧಿ ಗೊತ್ತುಮಾಡಿದ್ದರು. ಅದು ಮುಗಿದು ಪರದೆಯ ಮೇಲೆ ‘ಉತ್ತರವಿಲ್ಲ’ ಎಂದು ಬಂತು. ಮುರಿಗೆಪ್ಪನವರ ಬೆರಳು ಕೀಲಿಯ ಮೇಲೆ ಹಾಗೇ ಇತ್ತು.

ಎರಡನೆಯ ಸಲ ನೀಲಗಂಗವ್ವ ಪ್ರಶ್ನೆ ಮುಗಿಯುವ ಮೊದಲೇ ತಿರುಗಿ ಅಕ್ಷರಗಳ ಓಣಿಗೆ ನಡೆದರು. ನಾನು ಕುರ್ಚಿಯ ತುದಿಗೆ ಬಂದೆ. ಪ ದಾಟಿ, ಬ ದಾಟಿ ‘ಮ’ದ ಮುಂದೆ ನಿಂತರು. ಬಹಳ ಹೊತ್ತು ನಿಂತರು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಅಕ್ಷರ ಕೈಗೆ ಬರುತ್ತಿತ್ತು. ಇಡಲಿಲ್ಲ. ಹಿಂದಕ್ಕೆ ಸರಿದು, ಓಣಿಯಿಂದ ಹೊರಬಿದ್ದು, ಹಿಟ್ಟು ಬೀಳುತ್ತಿದ್ದ ಅಂಗಳದ ತೀರಾ ಆಚೆಯ ಮೂಲೆಗೆ ಹೋಗಿ ನಿಂತುಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“‘ಮ’ದ ಮುಂದೆ ನಿಂತಿದ್ರು ಮೇಡಂ! ನೀವೇ ನೋಡಿದ್ರಲ್ಲ,” ಎಂದು ನಾನು ಡಾಕ್ಟರ ಮುಂದೆ ಹಟ ಹಿಡಿದೆ.

“ದಿನಾ ಓಣ್ಯಾಗ ಅಡ್ಡಾಡ್ತಾರ. ಎಲ್ಲೋ ಒಂದ್ಕಡೆ ನಿಂದ್ರಲೇಬೇಕಲ್ಲ. ಆಶಾ ನನಗೂ ಐತಿ ವನಮಾಲಾ, ಆದ್ರ ಆಶಾಕ್ಕ ಲೆಕ್ಕಾ ಬರೂದಿಲ್ಲ.”

ಮುರಿಗೆಪ್ಪ ಎಲ್ಲ ಕೇಳಿಸಿಕೊಂಡು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಇರಲಿ ಬಿಡ್ರಿ. ಆ ಲಾರಿ ತಮ್ಮಗೂ ಮನಿ ಐತಿ, ಕಾಯೋರು ಅದಾರ,” ಎಂದು ಗಾಡಿಗೆ ಹೊರಟರು. ಅವರ ದೊಡ್ಡ ದನಿ ಅವತ್ತು ಪಕ್ಕದ ಕೋಣೆಗೂ ಕೇಳಿಸಲಿಲ್ಲ. ನನಗೆ ಬಹಳ ಸಂಕಟವಾಯಿತು.

ಆ ಭಾನುವಾರ ನಾನು ಬೆಟಗೇರಿಗೆ ಹೋದೆ. ಅವರ ಮನೆಯ ಬಾಗಿಲು ಹೇಗಿದೆಯೋ ಹಾಗೇ ಆಟದ ಬಾಗಿಲನ್ನು ತಿದ್ದಿದರೆ ಏನಾದರೂ ಆದೀತೇ ಎಂಬ ದೂರದ ಆಸೆ. ಮುಂದೆ ಗಿರಣಿ, ಹಿಂದೆ ಮನೆ. ಬಾಗಿಲು ಸಾದಾ ಬೇವಿನ ಮರದ್ದು, ತಿದ್ದುವಂಥದ್ದೇನೂ ಇರಲಿಲ್ಲ. ಮುರಿಗೆಪ್ಪ ತಾವೇ ಬಡಿದ ರೊಟ್ಟಿ ಹಾಕಿದರು. ಭಾರತದ ನಕ್ಷೆಯಂತಿತ್ತು, ಶೇಂಗಾ ಚಟ್ನಿಯ ಪುಣ್ಯದಿಂದ ಒಳಗೆ ಹೋಯಿತು.

ಉಂಡು ಗಿರಣಿಗೆ ಬಂದು ಕೂತಿದ್ದಾಗ ನಡುವಯಸ್ಸಿನ ಹೆಂಗಸೊಬ್ಬಳು ಜೋಳದ ಡಬ್ಬಿ ತಂದಿಟ್ಟಳು. ಓಣಿಗೆ ಹೊಸಬಳಿರಬೇಕು.

“ಹೆಸರೇನ್ ಬರೀಲಿ ಯವ್ವಾ?” ಎಂದು ಮುರಿಗೆಪ್ಪ ಸೀಮೆಸುಣ್ಣ ಹಿಡಿದರು.

“ನಮ್ಮ ಮನಿಯವರದ ಬರೀರಿ.”

“ಏನು ಅವರ ಹೆಸರು?”

ಅವಳು ಸೆರಗು ಬಾಯಿಗೆ ಹಿಡಿದು ನಕ್ಕು, ರಸ್ತೆಯಾಚೆ ಬೆರಳು ತೋರಿಸಿದಳು. “ಆ ಸೈಕಲ್ ಅಂಗಡಿ ಬೋರ್ಡಿನ ಮ್ಯಾಲ ಐತಲ್ರಿ, ಅದ.”

ಮುರಿಗೆಪ್ಪ ಕಣ್ಣು ಕಿರಿದು ಮಾಡಿ ಬೋರ್ಡು ಓದಿ, ‘ಈರಣ್ಣ’ ಎಂದು ಬರೆದರು. ಇದು ದಿನಾ ನಡೆಯುವ ಸಂಗತಿ ಎಂಬಂತೆ ಡಬ್ಬಿಯನ್ನು ಸಾಲಿಗೆ ಸರಿಸಿದರು. ನಾನು ಕೂತಲ್ಲಿಂದ ಎದ್ದು ನಿಂತೆ.

“ಯಜಮಾನ್ರೆ, ಅಮ್ಮ ನಿಮ್ಮನ್ನ ಏನಂತ ಕರೀತಿದ್ರು?”

“ಏನಂತ ಕರೀತಾಳ? ಏನ್ರೀ ಅಂತಾಳ. ಇಲ್ಲಿ ಕೇಳ್ರಿ ಅಂತಾಳ.”

“ಹೆಸರು ಹಿಡಿದು? ಒಂದ್ಸಲನಾದ್ರೂ?”

“ಅಯ್ಯ ತಂಗಿ! ಗಂಡನ ಹೆಸರು ಹೆಂಗ ಹಿಡೀತಾಳ? ಹಿಡಿದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂತ ಆಕೀ ಅವ್ವ ಹೇಳಿ ಕಳಿಸಿದ್ಲು. ನಾನೂ ಎಷ್ಟೋ ಸರ್ತಿ ನಕ್ಕೇನಿ. ಆಕಿ ಮಾತ್ರ…”

ಅವರಿಗೂ ಹೊಳೆದಿತ್ತು. ಸೀಮೆಸುಣ್ಣ ಕೈಯಿಂದ ಜಾರಿ ಹಿಟ್ಟಿನಲ್ಲಿ ಬಿತ್ತು. ನೀಲಗಂಗವ್ವನಿಗೆ ಬಾಗಿಲಾಚೆ ನಿಂತವರು ಯಾರೆಂದು ಚೆನ್ನಾಗಿ ಗೊತ್ತಿತ್ತು. ಹೆಸರು ಹೇಳಿದರೆ ತಾನು ಹೊರಗೆ ಬರಬಹುದು, ಹೇಳದಿದ್ದರೆ ಅವರು ಹೆಚ್ಚು ದಿನ ಬದುಕುತ್ತಾರೆ. ‘ಮ’ದ ಮುಂದೆ ಅಷ್ಟು ಹೊತ್ತು ನಿಂತು ಆಕೆ ಮಾಡಿದ ಲೆಕ್ಕ ಇದು. ಲೆಕ್ಕ ಮುಗಿಸಿ, ಗಂಡನ ಆಯುಷ್ಯ ಉಳಿಸಿ, ಹಿಟ್ಟಿನ ಅಂಗಳಕ್ಕೆ ತಿರುಗಿ ಹೋಗಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರು ನಾವು.

ಮುರಿಗೆಪ್ಪ ಗಿರಣಿ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಅವರು ಅತ್ತದ್ದು ಇಡೀ ಓಣಿಗೆ ಕೇಳಿಸಿತು.

ಓಣಿಯ ಹೆಂಗಸರು ಏನಾಯಿತೋ ಎಂದು ಓಡಿ ಬಂದರು. ಸಂಗತಿ ತಿಳಿದು ಎದುರುಮನೆಯ ಗುರುಶಾಂತವ್ವ ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

“ಹಂಗ ಬಾಯಿ ಬಿಟ್ಟು ಹೇಳು ಅಂದ್ರ ಯಾರು ಹೇಳ್ತಾರ? ಒಡಪು ಹಾಕಿ ಹೇಳು ಅನಬೇಕು! ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ. ಮದಿವ್ಯಾಗ ಹೊಸ್ತಿಲಕ್ಕ ಅಡ್ಡ ನಿಂತು ನಾವು ಬಿಡ್ತೀವೇನು? ಗಂಡನ ಹೆಸರು ಒಡಪಿನ್ಯಾಗ ಹೇಳಿದ ಮ್ಯಾಲೇ ಒಳಗ ಬಿಡೂದು.”

ಹೊಸ್ತಿಲು, ಮುಚ್ಚಿದ ಬಾಗಿಲು, ಪ್ರಾಸದ ಎರಡು ಸಾಲಿನಲ್ಲಿ ಹೆಣೆದು ಹೆಸರು ಹೇಳಿದರೆ ದಾರಿ. ನಾನು ಹೊಸ ಶೋಧವೆಂದು ಬರೆದುಕೊಂಡಿದ್ದ ಆಟ ಇಲ್ಲಿ ಪ್ರತಿ ಮದುವೆಯಲ್ಲೂ ನಡೆಯುತ್ತಿತ್ತು. ನಮ್ಮ ಕಡೆಯೂ ಹೆಂಗಸರು ಗಂಡನ ಹೆಸರು ಹೇಳದ ಕಾಲವಿತ್ತು, ನನ್ನ ಅಜ್ಜಿಯೇ ಹೇಳುತ್ತಿರಲಿಲ್ಲ. ಚುಕ್ಕಿ ಜೋಡಿಸುವಾಗ ಅದು ತಲೆಗೆ ಬರಲಿಲ್ಲ.

ಅವತ್ತೇ ಹೆಂಗಸರ ದನಿಗಳನ್ನು ಧ್ವನಿಮುದ್ರಿಸಿಕೊಂಡೆ. ಯಂತ್ರದ ಸಪ್ಪೆ ದನಿಯನ್ನು ಆ ಬಾಗಿಲ ಬಳಿಯಿಂದ ತೆಗೆದುಹಾಕಿದೆ.

ಡಾಕ್ಟರ್ ಕೌಜಲಗಿ ಕೇಳಿ ಹಣೆ ಹಣೆ ಬಡಿದುಕೊಂಡರು. “ನನ್ನ ಬುದ್ಧಿಗೆ ಏನಾಗಿತ್ತು? ನಾನೂ ನಮ್ಮವರಿಗೆ ‘ಡಾಕ್ಟರ್’ ಅಂತನ ಕರೀತೀನಿ. ಮೂವತ್ತು ವರ್ಷದಿಂದ!”

“ಹಾಗಾದ್ರೆ ಅವಧಿ?”

“ತಗದುಬಿಡು. ಕಾಯೋಣ.”

ಮೂರನೆಯ ಸಲದ ದಿನ ಮುರಿಗೆಪ್ಪ ಗಿರಣಿ ಬಂದ್ ಮಾಡಿ ಬೆಳಗಿನ ಗಾಡಿಗೇ ಬಂದರು. ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಗುರುಶಾಂತವ್ವನೂ ಇನ್ನಿಬ್ಬರು ಹೆಂಗಸರೂ ಜೊತೆಗೆ ಬಂದು ಗೋಡೆಗೆ ಒರಗಿ ಕೂತರು.

ಪರದೆಯ ತುಂಬ ಹಿಟ್ಟು ಬಿದ್ದಿತ್ತು. ‘ನ’ ಅಂಗಳದ ಮೂಲೆಯಲ್ಲಿತ್ತು. ಹೊಸ್ತಿಲ ಕಡೆಯಿಂದ ಹೆಂಗಸರ ನಗೆ ಕೇಳಿಸಿದಂತೆ ಮಾಡಿದೆ. ಮೊದಲು ದೂರ, ಆಮೇಲೆ ಹತ್ತಿರ. ‘ನ’ ಅಲುಗಾಡಿತು. ಒಂದು ಚುಕ್ಕಿ, ಇನ್ನೊಂದು ಚುಕ್ಕಿ. ಹೊಸ್ತಿಲ ಬಳಿಗೆ ಬಂದಾಗ ಆ ದನಿಗಳು ಒಟ್ಟಿಗೆ ಕೂಗಿದವು: “ಒಡಪು ಹೇಳಿದ್ರ ಬಾಗಲಾ ಬಿಡ್ತೀವಿ! ಇಲ್ಲಂದ್ರ ಇಲ್ಲೇ ನಿಂದ್ರು!”

ಪ್ರೋಗ್ರಾಮು ಕೀಲಿಗಾಗಿ ಕಾಯತೊಡಗಿತು. ಅಲ್ಲಿ ಗಾಳಿ ನಿಂತಿತು, ಬೀಳುತ್ತಿದ್ದ ಹಿಟ್ಟು ಅರ್ಧದಲ್ಲೇ ತೂಗಿ ನಿಂತಿತು, ಬಾವಿಯ ತಳದ ಗಿರಣಿಯೂ ನಿಂತಿರಬೇಕು. ಇಲ್ಲಿ ನಾವೂ ಉಸಿರು ಬಿಗಿಹಿಡಿದು ಕೂತಿದ್ದೆವು. ಹೊರಗೆ ಯಾರೋ ಚಹಾ ತಂದು, ಒಳಗಿನ ಮೌನ ನೋಡಿ ಹಾಗೇ ತಿರುಗಿ ಹೋದರು.

‘ನ’ ಅಕ್ಷರಗಳ ಓಣಿಗೆ ಹೊರಟಿತು.

ಒಂದು ಅಕ್ಷರ ಆರಿಸಿ, ಅದರ ಗುಣಿತ ಆರಿಸಿ, ಮುಂದಿನದಕ್ಕೆ ನಡೆದು ಹೋಗುವುದೆಂದರೆ ಎಚ್ಚರವಿದ್ದವರಿಗೇ ಸುಸ್ತು. ನೀಲಗಂಗವ್ವ ನಡೆದರು. ದಣಿದಾಗ ನಿಂತರು, ಮತ್ತೆ ನಡೆದರು. ಊಟದ ಹೊತ್ತು ಬಂದು ಹೋಯಿತು. ಮೊದಲ ಸಾಲು ಮೂಡಿತು:

‘ಅಂಗಳ ತುಂಬ ಹಿಟ್ಟ ಬಿದ್ದು ದಾರಿ ಕಾಣವಲ್ತಪ್ಪ’

ಗುರುಶಾಂತವ್ವ ಓದಿಸಿಕೊಂಡು ಕೇಳಿ, “ಹೌದಲೇ ನನ್ನವ್ವಾ!” ಎಂದು ತೊಡೆ ತಟ್ಟಿಕೊಂಡಳು. ಡಾಕ್ಟರು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದರು. ಎರಡನೆಯ ಸಾಲು ಇನ್ನೂ ನಿಧಾನ. ಕೊನೆಗೆ ‘ನ’ ಮತ್ತೆ ‘ಮ’ದ ಮುಂದೆ ಬಂದು ನಿಂತಿತು. ಮುರಿಗೆಪ್ಪ ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. ‘ನ’ ಒಂದು ಹೆಜ್ಜೆ ಮುಂದಿಟ್ಟಿತು.

‘ಹೆಸರ ಹಿಡದು ಒಮ್ಮೆ ಕರೀರಿ, ಬರತೀನಿ, ಮುರಿಗೆಪ್ಪ’

ಹೆಂಗಸರು ಹೋ ಎಂದರು. ಡಾಕ್ಟರ್ ಕೌಜಲಗಿಯವರ ಕಣ್ಣಲ್ಲಿ ನೀರಿತ್ತು. ಬಾಗಿಲು ತೆರೆಯಿತು. ಆದರೆ ‘ನ’ ಹೊಸ್ತಿಲ ಈಚೆಗೆ ಬಂದು ನಿಂತುಬಿಟ್ಟಿತು, ದಾಟಲಿಲ್ಲ.

ಮುರಿಗೆಪ್ಪ ಪರದೆಯನ್ನು ಮತ್ತೆ ಮತ್ತೆ ಓದಿದರು. “ಹೆಸರು ಹಿಡದು ಕರೀರಿ ಅಂತಾಳಲ್ಲ.”

“ಕರೀರಿ ಮತ್ತೆ!” ಎಂದೆ.

“ನಾನು ಎಂದೂ ಕರದಿಲ್ಲ ತಂಗಿ. ಏ ಅಂತೀನಿ. ಎಲ್ಲಿದೀ ಅಂತೀನಿ. ಇಷ್ಟ ವರ್ಷ ಹಂಗ ನಡದು ಹೋತು.” ಅವರ ಮುಖ ಕೆಂಪಾಗಿತ್ತು. “ಇಷ್ಟ ಮಂದಿ ಮುಂದ ಹೆಂಗ ಕರೀಲಿ?”

ತೊಡೆಯ ಮೇಲೆ ಕೀಲಿಮಣೆ ಇತ್ತಲ್ಲ, ಅದೇ ವಾಸಿ ಅನ್ನಿಸಿರಬೇಕು. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ‘ನೀಲಗಂಗವ್ವ’ ಎಂದು ಒತ್ತಿದರು. ಯಂತ್ರ ತನ್ನ ಸಪ್ಪೆ ದನಿಯಲ್ಲಿ ಅದನ್ನು ಆಕೆಯ ಕಿವಿಗೆ ಓದಿ ಹೇಳಿತು.

ಪರದೆಯ ಮೇಲೆ ‘ನ’ ಒಂದು ಚುಕ್ಕಿ ಹಿಂದಕ್ಕೆ ಸರಿಯಿತು.

ಮುರಿಗೆಪ್ಪ ಗಾಬರಿಯಾಗಿ ಇನ್ನೊಮ್ಮೆ ಒತ್ತಿದರು. ಇನ್ನೊಂದು ಚುಕ್ಕಿ ಹಿಂದಕ್ಕೆ.

“ಅದರ ಕೈಲಿ ಕರಸಬ್ಯಾಡೋ ಯಣ್ಣಾ!” ಎಂದು ಗುರುಶಾಂತವ್ವ ಗದರಿದಳು. “ನಿನ್ನ ಬಾಯಿಗೆ ಏನ್ ಬಡದೈತಿ?”

ನನ್ನ ಪ್ರೋಗ್ರಾಮಿಗೆ ಕಿವಿ ಇಲ್ಲ. ಅದು ಕೀಲಿಗಳನ್ನು ಬಿಟ್ಟು ಬೇರೆ ಏನನ್ನೂ ಅರಿಯದು. ಅದನ್ನು ಅವರಿಗೆ ಹೇಳಲು ಬಾಯಿ ತೆರೆದವಳು ಮಂಚದ ಕಡೆ ನೋಡಿದೆ. ಕಿವಿ ಇರುವವರು ಮಂಚದ ಮೇಲೆ ಮಲಗಿದ್ದರು. ಮುರಿಗೆಪ್ಪ ಕೀಲಿಮಣೆಯನ್ನು ತೆಗೆದು ನೆಲದ ಮೇಲಿಟ್ಟರು. ಎದ್ದು ಮಂಚದ ಪಕ್ಕ ಬಗ್ಗಿದರು.

“ನೀಲಾ,” ಎಂದರು. ತುಟಿ ಅಲುಗಿದ್ದಷ್ಟೇ ಕಂಡಿತು.

‘ನ’ ಕದಲಲಿಲ್ಲ.

ಅವರು ಒಮ್ಮೆ ನಮ್ಮೆಲ್ಲರ ಕಡೆ ನೋಡಿದರು. ಆಮೇಲೆ ನೋಡುವುದನ್ನು ಬಿಟ್ಟರು. ಎದೆ ತುಂಬ ಉಸಿರು ತೆಗೆದುಕೊಂಡು, ಗಿರಣಿ ತಿರುಗುತ್ತಿರುವಾಗ ಕೂಗುವ ದನಿಯಲ್ಲಿ, ಕಿಟಕಿಯ ಗಾಜು ನಡುಗುವಂತೆ ಕರೆದರು.

“ನೀಲಾ! ಏ ನೀಲಗಂಗಾ! ಬಾರs, ಸಾಕು!”

ಕಾರಿಡಾರಿನಲ್ಲಿ ಜನ ಓಡಿ ಬಂದ ಸದ್ದಾಯಿತು. ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ‘ನ’ ಒಂದು ಚುಕ್ಕಿ ಮುಂದೆ ಬಂತು. ಇನ್ನೊಂದು. ಹೊಸ್ತಿಲು ದಾಟಿತು. ಆಚೆ ನಿಂತಿದ್ದ ‘ಮ’ದ ಪಕ್ಕ ಹಾದು, ಇನ್ನೂ ಒಂದು ಹೆಜ್ಜೆ ಇಟ್ಟಿತು. ಅಲ್ಲಿಂದಾಚೆ ನಾನು ನೆಲವನ್ನೇ ಬರೆದಿರಲಿಲ್ಲ. ಒಂದು ಚುಕ್ಕಿಯೂ ಇಲ್ಲದ ಬರೀ ಕಪ್ಪು. ‘ನ’ ಆ ಕಪ್ಪಿನೊಳಗೆ ಕಾಲಿಟ್ಟು ಪರದೆಯಿಂದ ಮಾಯವಾಯಿತು.

ನಾನು ಹೆದರಿ ಮಂಚದ ಕಡೆ ತಿರುಗಿದೆ. ನೀಲಗಂಗವ್ವನ ರೆಪ್ಪೆ ಅದುರುತ್ತಿತ್ತು. ಕಣ್ಣು ಪೂರ್ತಿ ಬಿಟ್ಟಿರಲಿಲ್ಲ. ಒಣಗಿದ ತುಟಿ ಎರಡು ಮೂರು ಸಲ ಪ್ರಯತ್ನ ಮಾಡಿ, ಕೊನೆಗೆ ಸಣ್ಣ ದನಿ ಹೊರಟಿತು.

“ಮೆಲ್ಲಕ್ರೀ… ಮಂದಿ ಅದಾರ.”